ಮಾವ ಕಾಯುತ್ತಿದ್ದ ವಾಚನಾಲಯ

ಪುಸ್ತಕಗಳಿಗೆ ಗೆದ್ದಲಿಗಿಂತ ದೊಡ್ಡ ಶತ್ರು ಯಾರು? ಓದುಗರು! ಹೀಗೆಂದು ಮನಸಾರೆ ನಂಬಿದ್ದ ಗ್ರಂಥಪಾಲಕ ಜಗತ್ತಿನಲ್ಲಿ ಒಬ್ಬನೇ ಇದ್ದ. ಅವನನ್ನು ದೇವರು ಕುಮಟಾದ ಹಳೆಯ ವಾಚನಾಲಯಕ್ಕೂ ನಮ್ಮ ಕುಟುಂಬಕ್ಕೂ ಒಟ್ಟಿಗೇ ದಯಪಾಲಿಸಿದ. ಅವನು ನನ್ನ ತಾಯಿಯ ತಮ್ಮ. ಹೆಸರು ಹೇಳುವುದಿಲ್ಲ. ಹೇಳಿದರೆ ಅವನಿಂದ ಪುಸ್ತಕ ಸಿಗದೆ ಹೋದವರೆಲ್ಲ ಈಗಲೂ ನನ್ನ ಮನೆ ಹುಡುಕಿಕೊಂಡು ಬಂದಾರು!

ವಾಚನಾಲಯವೇನೋ ಘನವಾದದ್ದೇ. ಬ್ರಿಟಿಷರ ಕಾಲದ ಹೆಂಚಿನ ಕಟ್ಟಡ, ಸಾಗುವಾನಿ ಕಪಾಟುಗಳು, ಮುಂಬಯಿಯಿಂದ ಎರಡು ದಿನ ತಡವಾಗಿ ಬರುವ ಪತ್ರಿಕೆಗಳು. ಬೆಳಗಾದರೆ ವಕೀಲರು, ಪಿಂಚಣಿದಾರರು, ಮಿರ್ಜಾನದ ಬಸ್ಸಿಗೆ ಕಾಯುವ ರೈತರು ಎಲ್ಲ ಅಲ್ಲಿ ಸೇರಿ ಪ್ರಪಂಚದ ಜಗಳಗಳನ್ನು ಬಗೆಹರಿಸುತ್ತಿದ್ದರು. ಅದಕ್ಕೆ ಮಾವನ ಅಡ್ಡಿಯಿರಲಿಲ್ಲ. ಪತ್ರಿಕೆ ಹೇಗೂ ನಾಳೆಗೆ ರದ್ದಿ. ಆದರೆ ಯಾರಾದರೂ ಕಪಾಟಿನ ಕಡೆ ಹೆಜ್ಜೆಯಿಟ್ಟರೋ, ಕೆಟ್ಟರು!

ನಾನಾಗ ಮೆಟ್ರಿಕ್ ಮುಗಿಸಿ ಅಲ್ಲೇ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಒಂದು ದಿನ ಕಾದಂಬರಿ ಕೇಳಿದೆ.

"ಎಂತ ತಿಂದ್ಕಂಡು ಬಂದೆ?" ಎಂದ ಮಾವ.

"ದೋಸೆ."

"ಎಂತ ಹಚ್ಕಂಡು?"

"ಬೆಲ್ಲ, ತುಪ್ಪ."

"ತುಪ್ಪವಾ! ನಾಳೆ ಬಾ."

ಮರುದಿನ ಏನೂ ತಿನ್ನದೆ ಹೋಗಿ, ಎರಡೂ ಅಂಗೈ ಚಾಚಿ ನಿಂತೆ. ಮಾವ ನನ್ನ ಮುಖ ನೋಡಿದ. "ಹಸಿದವಂಗೆ ಓದಿದ್ದು ತಲೆಗೆ ಹೋಗ್ತಿಲ್ಲೆ ಮಾಣಿ. ಉಂಡ್ಕಂಡು ಬಾ!"

ಸ್ವಂತ ಅಳಿಯನ ಗತಿಯೇ ಹೀಗಾದರೆ ಪರವೂರಿನವರ ಪಾಡೇನು? ಭಟ್ಕಳದಿಂದ ಒಬ್ಬ ಮಾಸ್ತರರು ಬಂದರು, ಪಾಪ. ಹೊನ್ನಾವರದಲ್ಲಿ ಹೊಳೆ ದಾಟಿ, ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಒಂದು ಹಳೆಯ ವ್ಯಾಕರಣದ ಪುಸ್ತಕದ ಹೆಸರು ಹೇಳಿ ಇದೆಯೇ ಎಂದರು. ಮಾವ ಪಟ್ಟಿ ನೋಡಿ, "ಇದ್ದು" ಎಂದ. ಮಾಸ್ತರರ ಮುಖ ಅರಳಿತು. "ಹಾಗಾದರೆ ಕೊಡಿ" ಎಂದರು. ಮಾವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇದ್ದು ಹೇಳಿದೆ. ಕೊಡ್ತೆ ಹೇಳಿದ್ನಾ?"

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಊರಿನ ಕೆಲವು ಉತ್ಸಾಹಿಗಳು ಮರಾಠಿ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಬೇಕೆಂದು ಮೆರವಣಿಗೆಯಲ್ಲಿ ಬಂದರು. ಮಾವ ಕಪಾಟಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ. ಒಂದು ಪುಸ್ತಕವೂ ಅಲುಗಲಿಲ್ಲ. ಎಂಥ ವಿಶಾಲ ಹೃದಯ ಎಂದು ಹಿರಿಯರು ಸಭೆ ಕರೆದು ಅವನಿಗೆ ಹಾರ ಹಾಕಿದರು! ಮಾತನಾಡಲು ಹೇಳಿದಾಗ ಅವನು ಹೇಳಿದ್ದಿಷ್ಟೇ: "ಕನ್ನಡದ್ದನ್ನಾದ್ರೂ ಅಷ್ಟೇ, ಮರಾಠಿದ್ದನ್ನಾದ್ರೂ ಅಷ್ಟೇ. ಯಾರೂ ಮುಟ್ಟೂಲಾಗ."

ವಾರ್ಷಿಕೋತ್ಸವದ ಮಧ್ಯಾಹ್ನ ವಾಚನಾಲಯದ ಸಭಾಂಗಣದಲ್ಲಿ ತಾಳಮದ್ದಳೆ. ರಾಜನ ಪಾತ್ರದ ಅರ್ಥ ಹೇಳುತ್ತಿದ್ದವರು ದಢೂತಿ ಆಳು. ವೀರಾವೇಶದಲ್ಲಿ ಮಾತನಾಡುತ್ತ ತುಸು ಹಿಂದಕ್ಕೆ ಒರಗಿದರು. ಜನರ ನಡುವಿನಿಂದ ಮಾವನ ಕೂಗು: "ಮಹಾರಾಜರೇ, ಕಪಾಟಿಗೆ ಒರಗಬೇಡಿ!"

ಸಭೆಯೆಲ್ಲ ಹಿಂತಿರುಗಿ ನೋಡಿತು. ರಾಜರು ಪಾತ್ರ ಬಿಡಲಿಲ್ಲ. "ಮಂತ್ರೀ, ನಮ್ಮ ರಾಜ್ಯದಲ್ಲಿ ನಮಗೇ ಆಜ್ಞೆ ಮಾಡುವ ಈತನಾರು?"

ಮಂತ್ರಿ ಕೈಮುಗಿದ. "ಲೈಬ್ರೇರಿಯನ್, ಪ್ರಭು. ಅವನೆದುರು ನಮ್ಮದೇನೂ ನಡೆಯದು."

ಊರು ನಕ್ಕಿತು. ನನಗೆ ನಗು ಬರಲಿಲ್ಲ. ಇಂಥವನ ಅಳಿಯ ಎನ್ನಿಸಿಕೊಳ್ಳುವುದು ಸುಮ್ಮನೆ ಆಗುವ ಮಾತೇ?

ಅದಾದ ಮೇಲೆ ನನ್ನ ಅಕ್ಕನಿಗೆ ಕ್ಷಯ ತಗಲಿತು. ಇಪ್ಪತ್ತೊಂದರ ಹುಡುಗಿ. ಹೊಳನಗದ್ದೆಯ ನಮ್ಮ ಮನೆಯಲ್ಲಿ ಜಗಲಿಯ ಪಕ್ಕದ ಕೋಣೆ ಅವಳದಾಯಿತು, ತಟ್ಟೆ ಲೋಟ ಬೇರೆಯಾದವು. ಡಾಕ್ಟರರು ಬಂದು ಸೂಜಿ ಚುಚ್ಚಿ ಹೋಗುತ್ತಿದ್ದರು. ಬಾಕಿ ಜನ ನಮ್ಮ ಮನೆಯೆದುರು ಮೂಗು ಮುಚ್ಚಿ ಓಡುತ್ತಿದ್ದರು. ಅಕ್ಕ ಕೇಳಿದ್ದು ಒಂದನ್ನೇ. "ಓದೂಕೆ ಎಂತಾರೂ ತಂದ್ಕೊಡೋ. ಈ ಗೋಡೆ ನೋಡಿ ನೋಡಿ ಸಾಕಾತು."

ವಾಚನಾಲಯಕ್ಕೆ ಓಡಿದೆ. ಮಾವ ಗೋಡೆಯ ಮೇಲಿನ ಫಲಕ ತೋರಿಸಿದ. ಸೋಂಕಿರುವ ಮನೆಗಳಿಗೆ ಪುಸ್ತಕ ಕೊಡಕೂಡದು.

"ನಿನ್ನ ಅಕ್ಕನ ಮಗಳಿಗೂ ಇಲ್ಲೆಯಾ?"

"ನಿಯಮದಲ್ಲಿ ಅಕ್ಕನ ಮಗಳು ಹೇಳಿ ಬರೆದಿದ್ದಿಲ್ಲೆ."

ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ ಎಂದು ಎಲ್ಲರೆದುರು ಕೂಗಿ ಬಂದೆ.

ನಾಲ್ಕನೆಯ ದಿನ ರವಿವಾರ. ಉರಿಬಿಸಿಲಿನಲ್ಲಿ ಕೊಡೆ ಹಿಡಿದು, ಪಂಚೆಯಲ್ಲಿ ಸುತ್ತಿದ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಮಾವ ಬಂದ. ನನ್ನ ಕಡೆ ನೋಡಲೂ ಇಲ್ಲ. ಅಕ್ಕನ ಕಿಟಕಿಯ ಹೊರಗೆ ಮಣೆ ಹಾಕಿ ಕೂತ.

"ಕೂಸೆ, ಎಚ್ಚರಿದ್ಯಾ? ಪುಸ್ತಕ ಒಳಗೆ ಬರೂಲಾಗ. ಓದಿದ್ದು ಒಳಗೆ ಬಂದ್ರೆ ಯಾವ ನಿಯಮವೂ ಬೇಡ ಹೇಳ್ತಿಲ್ಲೆ."

ಮೂಗಿನಲ್ಲೇ ಓದುತ್ತಿದ್ದ ಮಹಾರಾಯ! ಮುನ್ನುಡಿ ಬಿಡಲಿಲ್ಲ, ಮುದ್ರಕರ ಬಿನ್ನಹ ಬಿಡಲಿಲ್ಲ, ಕೊನೆಗೆ ಅಚ್ಚಿನ ತಪ್ಪುಗಳ ಪಟ್ಟಿಯನ್ನೂ ರಾಗವಾಗಿ ಓದಿದ. ಒಳಗಿನಿಂದ ಅಕ್ಕ ನಕ್ಕಳು. ಆ ಮನೆಯಲ್ಲಿ ಎರಡು ತಿಂಗಳಿಂದ ಕೇಳದ ಸದ್ದು ಅದು. ಅಮ್ಮ ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಂದಿನಿಂದ ವಾಚನಾಲಯದ ಮಧ್ಯಾಹ್ನದ ಬಿಡುವಿನಲ್ಲಿ ದಿನಾ ನಡೆದು ಬಂದ. ಮಳೆಗಾಲದಲ್ಲೂ ಬಿಡಲಿಲ್ಲ. ಕಡೆಗೆ ಓದಿದ್ದು ಒಂದು ದಪ್ಪ ಕಾದಂಬರಿ. ಅದರ ನಾಯಕಿಗೂ ಕ್ಷಯ. ಕೊನೆಯ ಅಧ್ಯಾಯದಲ್ಲಿ ಅವಳು ಗುಣವಾಗಿ, ತಲೆಗೆ ಎಣ್ಣೆ ಹಚ್ಚಿ ಮಿಂದು, ತಾನೇ ನೀರು ಸೇದುತ್ತಾಳೆ. ಅಂದು ರವಿವಾರ, ಜಗಲಿಯ ಮೇಲೆ ಕೂತು ನಾನೂ ಕೇಳಿದ್ದೆ. ನಮ್ಮ ಅಕ್ಕನೂ ನಿಧಾನವಾಗಿ ಎದ್ದು ಓಡಾಡಿದಳು. ಮದುವೆಯಾಗಿ ಹೊನ್ನಾವರಕ್ಕೆ ಹೋದಳು.

ಮಾವ ತೀರಿಕೊಂಡ ಮೇಲೆ ಒಂದು ದಿನ ಹೊಸ ಗ್ರಂಥಪಾಲಕ ಆ ಕಾದಂಬರಿಯನ್ನು ಸಲೀಸಾಗಿ ನನ್ನ ಕೈಗೆ ಕೊಟ್ಟ. ಓದಿದೆ. ಕೊನೆಯ ಅಧ್ಯಾಯದಲ್ಲಿ ನಾಯಕಿ ಸಾಯುತ್ತಾಳೆ. ಎಣ್ಣೆಯಿಲ್ಲ, ಬಾವಿಯಿಲ್ಲ. ಹದಿನೆಂಟು ಪುಟ ಸಾಯುತ್ತಲೇ ಇರುತ್ತಾಳೆ.

ಮರುದಿನದ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಹೋದೆ. ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಪುಸ್ತಕ ಅವಳ ಮುಂದಿಟ್ಟೆ. "ನಿಂಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಾತು" ಎಂದಳು, ತಲೆಯೆತ್ತದೆ. "ಕಡೇ ಅಧ್ಯಾಯ ಮುಗಿಯೂವರೆಗೆ ಒಂದು ಹಾಳೆನೂ ಮಗುಚಿದ ಸದ್ದು ಬಂದಿದ್ದಿಲ್ಲೆ."

"ಮತ್ತೆ ಎಂತಕ್ಕೆ ಸುಮ್ಮನಿದ್ದೆ?"

ಅಕ್ಕ ಮೊರವನ್ನು ಕೆಳಗಿಟ್ಟಳು. "ಕೇಳಿದ್ರೆ ಅಂವ ನಿಲ್ಸಿಬಿಡ್ತಿದ್ದ. ಅವಳು ಗುಣ ಆಗೂದು ನಂಗೆ ಕೇಳ್ಬೇಕಾಗಿತ್ತು."