ಖೂಬಾ ಪ್ಲಾಟಿನ ಗೊಬ್ಬರದ ಗುಂಡಿಗೆ ದಯಮಾಡಿಸಿದ ಗೂಳಿಯವರಿಗೆ

ಖೂಬಾ ಪ್ಲಾಟ್, ಕಲಬುರಗಿ
ಜನವರಿ ೧೯೯೯

ಮಾನ್ಯ ಗೂಳಿಯವರೇ,

ಓಣಿಯ ಮಹಿಳಾ ಮಂಡಳದ ಕಾರ್ಯದರ್ಶಿ ವಿಮಲಾಬಾಯಿಯ ಶರಣು ಶರಣಾರ್ಥಿಗಳು. ಇಂದು ಬೆಳಿಗ್ಗೆ ನಮ್ಮ ಅಂಗಳದ ಮಲ್ಲಿಗೆ ಬಳ್ಳಿ ಬುಡಸಮೇತ ಕಾಣೆಯಾದದ್ದರಿಂದ ತಾವು ಪೂರ್ತಿ ಗುಣಮುಖರಾಗಿದ್ದೀರೆಂದು ತಿಳಿದು ಸಂತೋಷವಾಯಿತು.

ನಮ್ಮ ಓಣಿಯಲ್ಲಿ ಮೂರು ರಸ್ತೆ ಕೂಡುವಲ್ಲಿ ಒಂದು ಎತ್ತರದ ದುಂಡು ಜಾಗವಿದೆ. ಮಳೆ ಬಂದರೆ ಚರಂಡಿ ಉಕ್ಕಿ ಸುತ್ತಲೂ ನೀರು ನಿಲ್ಲುವುದರಿಂದ ಅದನ್ನು ನಾವು ನಡುಗಡ್ಡೆ ಎನ್ನುತ್ತೇವೆ. ಕಸದ ಗಾಡಿ ನಮ್ಮನ್ನು ಪೂರ್ತಿ ಮರೆತ ಮೇಲೆ, ಅಲ್ಲೊಂದು ಗುಂಡಿ ತೋಡಿಸಿ ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವುದೆಂದೂ, ಅದನ್ನು ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ನನ್ನ ಮೈದುನ ಕಲ್ಯಾಣಪ್ಪನ ತೋಟಕ್ಕೆ ಕಳಿಸುವುದೆಂದೂ, ಡಬ್ಬಿ ಬಾಟಲಿಗಳನ್ನು ಗುಜರಿಗೆ ಹಾಕುವುದೆಂದೂ ಮಂಡಳ ತೀರ್ಮಾನಿಸಿತು. ನಮ್ಮ ಓಣಿಯಲ್ಲಿ ಕಸವೆಂಬುದೇ ಉಳಿಯಬಾರದು ಎಂಬುದು ನನ್ನ ಹಟವಾಗಿತ್ತು.

ಆದರೆ ಹಸಿ ಕಸವನ್ನು ಬೇರೆ ಮಾಡಿ ತನ್ನಿರೆಂದರೆ ಕೇಳುವವರು ಯಾರು? ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಂಟು ಹಾಕಿ, ದೂರದಿಂದಲೇ ಗುಂಡಿಗೆ ಎಸೆಯುತ್ತಿದ್ದರು. ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ಎದುರು ಮನೆಯ ಅಮೋಘಪ್ಪನವರಿಗೆ ಕೈಮುಗಿದು ಹೇಳಿದೆ. "ಅಕ್ಕೋರೆ, ಕಸ ಒಗ್ಯಾಕೂ ಸಾಲಿ ಕಲೀಬೇಕೇನ್ರಿ?" ಎಂದು ನಕ್ಕು ಸ್ಕೂಟರ್ ಹತ್ತಿದರು.

ಆಗ ತಾವು ಬಂದಿರಿ. ದಿನವೂ ತಪ್ಪದೆ ಗುಂಡಿಯನ್ನು ಪರಿಶೀಲಿಸಿ, ಸಿಪ್ಪೆಯನ್ನೂ ಚೀಲವನ್ನೂ ಭೇದವೆಣಿಸದೆ ಸ್ವೀಕರಿಸಿದಿರಿ. ಬೇಲಿ ಹಾಕಿದೆವು, ತಾವು ಅದಕ್ಕೆ ಬೆನ್ನು ತುರಿಸಿಕೊಂಡಿರಿ, ಬೇಲಿ ಮಲಗಿತು. ನಾನು ಬಡಿಗೆ ಹಿಡಿದು ಬಂದರೆ ಪಕ್ಕದ ಮನೆಯ ಭಾಗಮ್ಮನವರು, "ದೇವರ ಹೆಸರೀಲೆ ಬಿಟ್ಟದ್ದದ, ಕೈ ಎತ್ತಬ್ಯಾಡ್ರಿ" ಎಂದು ತಮ್ಮ ಕೊಂಬುಗಳ ನಡುವೆ ವಿಭೂತಿ ಹಚ್ಚಿದರು. ಗಂಟು ಬಿಚ್ಚಿ ಉಣ್ಣಬೇಕು, ಖಾಲಿ ಚೀಲವನ್ನು ಮಡಚಿ ಪಕ್ಕಕ್ಕಿಡಬೇಕು ಎಂಬ ನನ್ನ ವಿನಮ್ರ ಕೋರಿಕೆಯನ್ನು ತಾವು ಕಿವಿಯಾಡಿಸಿ ತಳ್ಳಿಹಾಕಿದಿರಿ.

ದೀಪಾವಳಿ ಕಳೆದ ಮೇಲೊಂದು ಮಧ್ಯಾಹ್ನ ತಾವು ನಡುಗಡ್ಡೆಯಲ್ಲಿ ಮಲಗಿದವರು ಏಳಲಿಲ್ಲ. ಎಡಗಡೆ ಹೊಟ್ಟೆ ನಗಾರಿಯಂತೆ ಉಬ್ಬಿತ್ತು, ಮೆಲುಕು ನಿಂತಿತ್ತು. ಗೊಬ್ಬರ ಒಯ್ಯಲು ಅದೇ ಹೊತ್ತಿಗೆ ಟೆಂಪೊ ತಂದಿದ್ದ ಕಲ್ಯಾಣಪ್ಪ ತಮ್ಮನ್ನು ನೋಡಿದವನೇ, "ಗೊಬ್ಬರ ಇರ್ಲಿ ವೈನಿ, ಮೊದಲ ಡಾಕ್ಟರನ್ನ ಕರ್ಕೊಂಡು ಬರ್ತೀನಿ" ಎಂದು ಬಂದ ದಾರಿಯಲ್ಲೇ ತಿರುಗಿದ.

ದನದ ಡಾಕ್ಟರ್ ಹಲೀಮಾ ಮೇಡಂ ಹೊಟ್ಟೆ ಮುಟ್ಟಿ ನೋಡಿ, "ಹೊಟ್ಟ್ಯಾಗ ಪ್ಲಾಸ್ಟಿಕ್ ತುಂಬ್ಯದ, ಕೊಯ್ದು ತೆಗೀಬೇಕಾಗ್ತದ. ಹಿಡ್ಕೊಳ್ಳಾಕ ಮಂದಿ ಬೇಕು" ಎಂದರು. ಮೊದಲು ಬಂದು ತಮ್ಮ ಕೊಂಬು ಹಿಡಿದವರು ಅಮೋಘಪ್ಪನವರು. ಒಂದಾದ ಮೇಲೊಂದು ಚೀಲ ಹೊರಬರುತ್ತಲೇ ಇತ್ತು. ತಮ್ಮ ತಲೆಯ ಹತ್ತಿರ ಕುಳಿತಿದ್ದ ಭಾಗಮ್ಮನವರು ಒಂದು ಹಸಿರು ಚೀಲ ನೋಡಿ ಸಣ್ಣ ದನಿಯಲ್ಲಿ, "ಇದು ನಮ್ಮ ಮನ್ಯಾಗಿಂದ್ರಿ. ಮೊಮ್ಮಗಳ ತೊಟ್ಟಿಲಕ್ಕ ಇದ್ರಾಗ ಸೀರಿ ತಂದಿದ್ವಿ" ಎಂದರು. ಸದಾ ಭಾಷಣ ಸಿದ್ಧವಿಟ್ಟುಕೊಂಡಿರುವ ನಾನು ಆ ಚೀಲವನ್ನು ಮಡಚಿ ಪಕ್ಕಕ್ಕಿಟ್ಟೆ.

ತಾವು ಎದ್ದು ನಿಂತು ಮೊದಲ ಸಲ ಜೋಳದ ಕಣಿಕೆಗೆ ಬಾಯಿ ಹಾಕಿದಾಗ ಓಣಿಯವರೆಲ್ಲ ಅಲ್ಲೇ ಇದ್ದರು. ಅಷ್ಟರಲ್ಲಿ ಮನೆಮನೆಯ ಮುಂದೆ ಎರಡೆರಡು ಬಕೆಟ್ಟು ಬಂದಿದ್ದವು. ಅಮೋಘಪ್ಪನವರು ಬಟ್ಟೆಯ ಚೀಲವಿಲ್ಲದೆ ಗಂಜಿಗೆ ಹೊರಡುವುದಿಲ್ಲ. ಕಲ್ಯಾಣಪ್ಪ ಟೆಂಪೊ ತುಂಬ ಗೊಬ್ಬರ ಒಯ್ದು, ಓಣಿಗೆಲ್ಲ ಹಂಚುವಷ್ಟು ಕೆಂಪು ಬಾಳೆಹಣ್ಣು ಕಳಿಸಿದ.

ಮಾನ್ಯರೇ, ನನ್ನ ದೂರು ಇರುವುದೇ ಇಲ್ಲಿ. ವರ್ಷವಿಡೀ ಮನೆಮನೆ ತಿರುಗಿ ಗಂಟಲು ಹರಿದುಕೊಂಡು ನಾನು ಮಾಡಲಾಗದ್ದನ್ನು ತಾವು ಸುಮ್ಮನೆ ಮಲಗಿ ಸಾಧಿಸಿದಿರಿ. ಈಗ ಕಸ ತಪ್ಪು ಬಕೆಟ್ಟಿಗೆ ಬಿದ್ದರೆ, "ತೆಗೀರಿ, ಗೂಳಿ ತಿಂದೀತು" ಎನ್ನುತ್ತಾರೆಯೇ ಹೊರತು ವಿಮಲಾಬಾಯಿ ಬೈದಾಳು ಎಂದು ಒಬ್ಬರೂ ಅನ್ನುವುದಿಲ್ಲ. ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿದ್ದೂ ತಮಗೇ. ತಾವು ಅದರ ಅಂಚು ಮೆದ್ದಿರಿ; ಹಲೀಮಾ ಮೇಡಂ ಓಡಿ ಬಂದು ಕಸಿದುಕೊಂಡರು; ಸಭೆ ಚಪ್ಪಾಳೆ ತಟ್ಟಿತು. ನಾನು ಶಾಲು ತಿಂದಿದ್ದರೆ ತಟ್ಟುತ್ತಿದ್ದರೇ?

ಬರುವ ವಾರ ಕಪನೂರದ ಮಹಿಳೆಯರು ನಮ್ಮ ಗುಂಡಿ ನೋಡಲು ಬರುವವರಿದ್ದಾರೆ. ನಾನು ವಿವರಿಸುವಾಗ ತಾವು ಹಿಂದೆ ನಿಂತು ಗಂಭೀರವಾಗಿ ತಲೆಯಾಡಿಸಬೇಕೆಂದೂ, ಯಾವ ಕಾರಣಕ್ಕೂ ನನ್ನ ಮುಂದೆ ಬಂದು ನಿಲ್ಲಬಾರದೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ, ಆದರೆ ತಮ್ಮ ಮೇಲೆ ಪೂರ್ತಿ ವಿಶ್ವಾಸವಿಲ್ಲದ,
ವಿಮಲಾಬಾಯಿ

ವಿ.ಸೂ.: ಸಂಜೆ ತಾವು ಕಾಣದಿದ್ದರೆ ನಾನು ಓಣಿಯ ತುದಿಯವರೆಗೂ ಹುಡುಕಿಕೊಂಡು ಹೋಗುತ್ತೇನೆಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ನಾನು ಹೋಗುವುದು ಹಾಲು ತರಲು. ಈ ಓಣಿಗೆ ತಾವು ಇನ್ನೂ ಕೊಡದೇ ಇರುವುದು ಅದೊಂದೇ.