ಇಲ್ಲದ ಡ್ರೈವಿನ ಮಹಜರು

ಓಬಳಪ್ಪನವರ ಫಜೀತಿ ಶುರುವಾದದ್ದು ಅಂಚೆಯಲ್ಲಿ ಬಂದ ಒಂದು ಸಿಡಿಯಿಂದ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಸಹಿ ಹಾಕಿ ಲಕೋಟೆ ಪಡೆದವರು, ದಾರಿಯಲ್ಲಿ ಯಾರಾದರೂ ಅದರ ಅಂಟು ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅಂಚೆಯವನನ್ನೂ ಹಾಗೆಯೇ ನೋಡಿದರು. ಅವನು ಪಾಪ, ಗಾಡಿ ಹತ್ತಿ ಹೋದ.

ಅನುಮಾನ ಓಬಳಪ್ಪನವರಿಗೆ ಚಟವಲ್ಲ, ಕಸುಬು. ರೇಷನ್ ಕಾರ್ಡ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿ ದುಡಿದವರು. ಹುಟ್ಟದವರ ಹೆಸರು, ಸತ್ತವರ ಹೆಸರು, ಒಂದೇ ಒಲೆಗೆ ಮೂರು ಸಂಸಾರ ತೋರಿಸಿದವರ ಹೆಸರು, ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ನಿವೃತ್ತರಾಗಿದ್ದರು. ಈಗ ಆ ಕೆಂಪು ಶಾಯಿ ಅವರ ಮನೆಗೇ ಬಂದಿತ್ತು. ತಾರಸಿಯ ಮೇಲೆ ನಕ್ಷೆಯಿಲ್ಲದೆ ಕಟ್ಟಿದ ಕೋಣೆಯನ್ನು ಬರುವ ಸೋಮವಾರ ಒಡೆಯುತ್ತೇವೆ ಎಂದು ವಾರ್ಡ್ ಕಚೇರಿಯವರು ಗೇಟಿಗೆ ನೋಟಿಸು ಅಂಟಿಸಿ ಹೋಗಿದ್ದರು.

ಆ ಕೋಣೆಯಲ್ಲಿ ಅವರ ಹೆಂಡತಿ ಶಕುಂತಲಮ್ಮ ಬ್ಲೌಸ್ ಹೊಲಿಯುತ್ತಿದ್ದರು. ಸಂಪಿಗೆ ರಸ್ತೆಯಿಂದ ಆಚೀಚೆ ನಾಲ್ಕು ಅಡ್ಡರಸ್ತೆಗಳ ಹೆಂಗಸರೆಲ್ಲ ಮದುವೆಗೆ, ಸೀಮಂತಕ್ಕೆ ಅವರ ಹತ್ತಿರವೇ ಬರುತ್ತಿದ್ದರು. ಆಕೆ ಐವತ್ತು ವರ್ಷ ವಯಸ್ಸಾದ ಮೇಲೆ ಮೊದಲ ಸಲ ತನ್ನದು ಅಂತ ಅಂದುಕೊಂಡ ಜಾಗ ಅದು. ಅದು ಹೋದರೆ ಮನೆಯಲ್ಲಿ ತಮಗೆ ಉಳಿಗಾಲವಿಲ್ಲ ಎಂಬುದು ಓಬಳಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ನೋಟಿಸಿನಲ್ಲಿ 'ಸಾರ್ವಜನಿಕರಿಂದ ಬಂದ ದೂರಿನ ಮೇರೆಗೆ' ಎಂದಿತ್ತು. ಅಂದರೆ ಯಾರೋ ಮೂಗರ್ಜಿ ಬರೆದಿದ್ದಾರೆ. ಹೆಸರಿಲ್ಲದ, ಸಹಿಯಿಲ್ಲದ ಅರ್ಜಿ. ಓಬಳಪ್ಪನವರು ಮಾಹಿತಿ ಹಕ್ಕಿನಲ್ಲಿ ಆ ಅರ್ಜಿಯ ನಕಲು ಕೇಳಿದ್ದರು. ಕಚೇರಿಯವರು ಇಡೀ ಕಡತವನ್ನೇ ಸಿಡಿಯಲ್ಲಿ ಹಾಕಿ ಕಳಿಸಿದ್ದರು.

"ಅಕ್ಷರ ನೋಡಿದ್ರೆ ಸಾಕು, ಯಾವ ನನ್ಮಗ ಬರ್ದಿದಾನೆ ಅಂತ ಹೇಳ್ಬಿಡ್ತೀನಿ," ಎಂದರು ಹೆಂಡತಿಗೆ.

"ಬರ್ದೋರು ಯಾರಾದ್ರೆ ಏನ್ರೀ? ಸಂಜೆ ಐದಕ್ಕೆ ಪಕ್ಕದ್ಮನೆ ಬೈರಪ್ನೋರು ವಾರ್ಡ್ ಎಂಜಿನಿಯರ್ ಹತ್ರ ಕರ್ಕೊಂಡೋಗ್ತೀನಿ ಅಂದಿದಾರಲ್ಲ. ಅಷ್ಟು ಮಾಡಿ ಸಾಕು."

ಓಬಳಪ್ಪನವರಿಗೆ ಅದೇ ಅನುಮಾನ. ದೊಡ್ಡಬೈರಪ್ಪ ಎರಡು ಸಲ ವಾರ್ಡ್ ಚುನಾವಣೆಗೆ ನಿಂತು ಎರಡು ಸಲವೂ ಸೋತವರು, ಹಾಗಾಗಿ ಎಲ್ಲ ಪಕ್ಷದವರಿಗೂ ಬೇಕಾದವರು. ಅವರು ಒಂದು ಮಾತು ಹೇಳಿದರೆ ಎಂಜಿನಿಯರ್ ತಲೆ ಆಡಿಸುತ್ತಾನೆ. ಆದರೆ ಕೇಳದೆ ಬಂದು ಸಹಾಯ ಮಾಡುತ್ತೇನೆ ಅನ್ನುವುದು ಯಾಕೆ? ಬೆಂಕಿ ಹಚ್ಚಿದವನೇ ನೀರು ತರುವುದನ್ನು ಓಬಳಪ್ಪನವರು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದರು. ಎದುರುಮನೆಯ ಚೂಡಾಮಣಿಯವರನ್ನೂ ಬಿಡುವಂತಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಆಕೆ, ಈ ಕೋಣೆ ಎದ್ದ ಮೇಲೆ ತಮ್ಮ ಹಪ್ಪಳಕ್ಕೆ ಬಿಸಿಲು ಕಡಿಮೆಯಾಯಿತು ಎಂದು ಒಂದಲ್ಲ ಮೂರು ಸಲ ಹೇಳಿದ್ದರು.

ಸಿಡಿ ಹಿಡಿದು ಕಂಪ್ಯೂಟರಿನ ಮುಂದೆ ಕೂತ ಮೇಲೆ ಗೊತ್ತಾಯಿತು, ಅದನ್ನು ಹಾಕಲು ಜಾಗವೇ ಇಲ್ಲ. ಹೋದ ವರ್ಷ ಮಗಳು ಲಾಸ್ಯಾ ಕೊಡಿಸಿದ ಕಂಪ್ಯೂಟರು ಅದು. ಹಿಂದೆ, ಮುಂದೆ, ಬುಡದಲ್ಲಿ ಬೆರಳಾಡಿಸಿದರೂ ಒಂದು ಸೀಳೂ ಸಿಗಲಿಲ್ಲ. ಮಗಳಿಗೆ ಫೋನು ಮಾಡಿದರೆ, "ಅಪ್ಪಾ, ಮೀಟಿಂಗಲ್ಲಿದೀನಿ, ಈಗ ಯಾರೂ ಸಿಡಿ ಯೂಸ್ ಮಾಡಲ್ಲ," ಎಂದು ಇಟ್ಟುಬಿಟ್ಟಳು.

ಸರಿ, ಸಂಪಿಗೆ ರಸ್ತೆಯ ಮುರುಗೇಶನ ಜೆರಾಕ್ಸ್ ಅಂಗಡಿಗೆ ಹೋದರು. ಅವನ ಹತ್ತಿರ ಹಳೆಯ ಕಾಲದ ಕಂಪ್ಯೂಟರು ಒಂದಿತ್ತು.

"ಕೊಡಿ ಸಾರ್, ಓಪನ್ ಮಾಡಿ ಎಲ್ಲಾ ಪೇಜೂ ಪ್ರಿಂಟ್ ತೆಗ್ದುಕೊಡ್ತೀನಿ. ಎರಡು ನಿಮಿಷ."

"ಓಪನ್ ಮಾಡಂಗಿಲ್ಲ," ಎಂದರು ಓಬಳಪ್ಪನವರು. ಮುರುಗೇಶ ನೋಡಿದರೆ ಸಂಜೆಯೊಳಗೆ ಮಲ್ಲೇಶ್ವರವೇ ನೋಡಿದಂತೆ. "ಒಳಗೇನಿದೆ ಅಂತ ನೋಡ್ದೇನೇ ಹಂಗಂಗೇ ಪೆನ್‌ಡ್ರೈವ್‌ಗೆ ಹಾಕು."

ಮುರುಗೇಶ ತಲೆ ಕೆರೆದುಕೊಂಡ. "ಹಂಗಾದ್ರೆ ಇಡೀ ಸಿಡೀನೇ ಒಂದು ಫೈಲ್ ಮಾಡಿ ಕೊಡ್ತೀನಿ ಸಾರ್. ಆದ್ರೆ ನಂದು ಹಳೇ ಸಾಫ್ಟ್‌ವೇರು, ಅದು ನೇರವಾಗಿ ಓಪನ್ ಆಗಲ್ಲ. ಮನೇಲಿ ನೀವು ವರ್ಚುವಲ್ ಡ್ರೈವ್ ಅಂತ ಒಂದು ಹಾಕ್ಕೋಬೇಕು. ಅಂದ್ರೆ, ಇಲ್ದೇ ಇರೋ ಸಿಡಿ ಡ್ರೈವ್ ಇದೆ ಅಂತ ಕಂಪ್ಯೂಟರ್‌ನ ನಂಬಿಸೋದು. ಫ್ರೀ ಸಾರ್, ಲಿಂಕ್ ಬರ್ಕೊಡ್ತೀನಿ."

ಇಲ್ಲದ್ದನ್ನು ಇದೆ ಎಂದು ನಂಬಿಸುವುದು, ಅದೂ ಬಿಟ್ಟಿ. ಓಬಳಪ್ಪನವರ ಮೂಗು ಅರಳಿತು. ಮೂವತ್ತೊಂದು ವರ್ಷ ಇಂಥದ್ದರ ವಿರುದ್ಧವೇ ಹೋರಾಡಿದವರು ಅವರು. ಆದರೂ ಬೇರೆ ದಾರಿಯಿರಲಿಲ್ಲ, ಪೆನ್‌ಡ್ರೈವನ್ನೂ ಚೀಟಿಯನ್ನೂ ಜೇಬಿಗಿಟ್ಟುಕೊಂಡು ಬಂದರು.

ಸಾಫ್ಟ್‌ವೇರ್ ಇಳಿಸಿಕೊಂಡಾಗ ಅದು ಮೊದಲು ಷರತ್ತುಗಳನ್ನು ತೋರಿಸಿ, ಒಪ್ಪುತ್ತೇನೆ ಎಂಬಲ್ಲಿ ಒತ್ತಿ ಎಂದಿತು. ಜಗತ್ತಿನಲ್ಲಿ ಯಾರೂ ಓದದ ಆ ಷರತ್ತುಗಳನ್ನು ಓಬಳಪ್ಪನವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದರು. ಓದದೆ ಒಪ್ಪಿದ ಕಾಗದ ಅವರ ಸರ್ವೀಸಿನಲ್ಲೇ ಇರಲಿಲ್ಲ. ಶಕುಂತಲಮ್ಮ ಊಟಕ್ಕೆ ಕರೆದಾಗ ಹನ್ನೊಂದನೆಯ ಕಲಮಿನಲ್ಲಿದ್ದರು. ಮತ್ತೆ ಕರೆದಾಗ ಹದಿನೇಳರಲ್ಲಿದ್ದರು. ಮುದ್ದೆ ಆರಿ ಗಟ್ಟಿಯಾದ ಮೇಲೆ ಉಸಿರು ಬಿಗಿ ಹಿಡಿದು ಒಪ್ಪುತ್ತೇನೆ ಎಂದು ಒತ್ತಿದರು.

ಅಷ್ಟೆಲ್ಲ ಓದಿದವರು ಕೆಳಗೆ ಮೊದಲೇ ಟಿಕ್ ಆಗಿದ್ದ ಮೂರು ಚೌಕಗಳನ್ನು ಮಾತ್ರ ನೋಡಿರಲಿಲ್ಲ. ಬಿಟ್ಟಿ ಡ್ರೈವು, ಊಟಕ್ಕೆ ಕರೆದ ನೆಂಟ ತನ್ನ ನಾದಿನಿ, ಮಕ್ಕಳನ್ನೆಲ್ಲ ಕರೆತಂದ ಹಾಗೆ, ಬೇರೆಯವರನ್ನೂ ಜೊತೆಗೆ ತಂದಿತ್ತು. ಒಂದು ಹವಾಮಾನ ಹೇಳತೊಡಗಿತು. ಇನ್ನೊಂದು ಇಸ್ಪೀಟು ಆಡಲು ಕರೆಯಿತು. ಮೂರನೆಯದು ನಿಮ್ಮ ಕಂಪ್ಯೂಟರಿನಲ್ಲಿ ಮುನ್ನೂರ ನಲವತ್ತು ದೋಷಗಳಿವೆ ಎಂದು ಕೆಂಪಗೆ ಮಿನುಗಿತು. ಓಬಳಪ್ಪನವರು ಗಾಬರಿಯಿಂದ ಎದ್ದು, ಕನ್ನಡಿಗೆ ಅಂಟಿಸಿದ್ದ ಹೆಂಡತಿಯ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ತಂದು ಕಂಪ್ಯೂಟರಿನ ಕ್ಯಾಮೆರಾ ಕಣ್ಣಿಗೆ ಅಂಟಿಸಿದರು.

ಪರದೆಯಲ್ಲಿ ಹೊಸದಾಗಿ ಒಂದು ಸಿಡಿ ಡ್ರೈವ್ ಕಾಣಿಸಿಕೊಂಡಿತು. ಓಬಳಪ್ಪನವರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಮನೆಯಲ್ಲಿ ಆಳಿಲ್ಲ. ಅಪ್ಪಟ ಬೋಗಸ್ ಕಾರ್ಡು.

ಮುರುಗೇಶನ ಚೀಟಿ ನೋಡುತ್ತಾ ಫೈಲನ್ನು ಆ ಡ್ರೈವಿಗೆ ಹಾಕುವಷ್ಟರಲ್ಲಿ ಚೂಡಾಮಣಿಯವರು ಬ್ಲೌಸ್ ಅಳತೆಗೆಂದು ಬಂದರು. ಮಿನುಗುವ ಕೆಂಪು ನೋಡಿದ್ದೇ ಅವರ ಬ್ಯಾಂಕಿನ ರಕ್ತ ಕುದಿಯಿತು.

"ಓಬಳಪ್ಪನವ್ರೇ, ಏನಿದು? ಫ್ರೀ ಅಂತ ಏನಾದ್ರೂ ಹಾಕಿದ್ರಾ? ಮುಗೀತು. ಹ್ಯಾಕರ್‌ಗಳು ಒಳಗೆ ಬಂದಿದಾರೆ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ದಿನಾ ಬರುತ್ತೆ ಇಂಥ ಕೇಸು. ನಿಮ್ಮ ಪೆನ್ಷನ್ ಎಲ್ಲಿದೆ, ಮನೆ ಪತ್ರ ಎಲ್ಲಿದೆ, ಎಲ್ಲಾ ಈಗ ನೋಡ್ತಿದಾರೆ."

"ಬೊಟ್ಟು ಇಟ್ಟಿದೀನಿ, ಕಾಣ್ಸಲ್ಲ."

"ಬೊಟ್ಟಿಗೆಲ್ಲಾ ಅವ್ರು ಹೆದರ್ತಾರಾ?" ಎಂದ ಚೂಡಾಮಣಿಯವರು ಸೀದಾ ಹೋಗಿ ಗೋಡೆಯ ಪ್ಲಗ್ಗನ್ನು ಕಿತ್ತುಬಿಟ್ಟರು.

ಮತ್ತೆ ಚಾಲೂ ಮಾಡಿದಾಗ ಡ್ರೈವಿತ್ತು, ಒಳಗಿನ ಫೈಲು ಇರಲಿಲ್ಲ. ಓಬಳಪ್ಪನವರು ನಿಧಾನವಾಗಿ ಚೂಡಾಮಣಿಯವರ ಕಡೆ ತಿರುಗಿದರು. ಇನ್ನೇನು ಅರ್ಜಿ ತೆರೆಯಬೇಕು ಅನ್ನುವಾಗ ಬಂದದ್ದೇಕೆ? ಪ್ಲಗ್ಗೇ ಕಿತ್ತದ್ದೇಕೆ? ಹಪ್ಪಳದ ಬಿಸಿಲು ನೆನಪಾಯಿತು.

ಮುರುಗೇಶನಿಗೆ ಫೋನು ಮಾಡಿದರೆ ಅವನು, "ಆಫ್ ಮಾಡಿದ್ರೆ ಹಂಗೇ ಸಾರ್, ಮತ್ತೆ ಹಾಕಿ, ಬರುತ್ತೆ," ಎಂದ. ಅಷ್ಟರಲ್ಲಿ ದೊಡ್ಡಬೈರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ಓಬ್ಳಪ್ನೋರೆ, ರೆಡಿನಾ? ಎಂಜಿನಿಯರ್‌ಗೆ ಫೋನಾಕಿದೀನಿ. ಐದಕ್ಕೆ ಸರಿಯಾಗಿ ಬನ್ನಿ ಅಂದವ್ನೆ. ಇದೇನ್ ಮಾಡ್ತಿದೀರಾ?"

"ಮೂಗರ್ಜಿ ಬಂದಿದೆ. ಯಾರು ಬರ್ದಿದಾರೆ ಅಂತ ನೋಡ್ತಿದೀನಿ."

"ಅಯ್ಯೋ, ಅದನ್ಯಾಕೆ ಕೆದಕ್ತೀರಾ? ಯಾರೋ ಬರ್ದವ್ರೆ, ಬಿಡಿ ಅತ್ಲಾಗೆ. ನಡೀರಿ ಹೋಗಣ."

ಕೆದಕಬೇಡಿ ಎಂದದ್ದೇ ಸಾಕಾಯಿತು. ಇಬ್ಬರಲ್ಲಿ ಒಬ್ಬರು ಖಂಡಿತ. ಪುಣ್ಯಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ. ಓಬಳಪ್ಪನವರಿಗೆ ಸರ್ವೀಸಿನ ದಿನಗಳ ಹುರುಪು ಬಂತು. ಬೋಗಸ್ ಕಾರ್ಡು ಹಿಡಿಯುವಾಗ ಅವರು ಬರಿಗೈಯಲ್ಲಿ ಹೋದವರೇ ಅಲ್ಲ, ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿ ಮಹಜರು ಬರೆಯುತ್ತಿದ್ದರು.

"ಹತ್ತೇ ನಿಮಿಷ. ನೀವಿಬ್ರೂ ಪಂಚರಾಗಿ ಕೂತ್ಕೊಳ್ಳಿ. ನಾಳೆ ಫೈಲ್ ಹೋಯ್ತು, ಅಕ್ಷರ ತಿದ್ದಿದ್ರು ಅಂತ ಆಗ್ಬಾರ್ದು," ಎಂದು ಬಿಳಿ ಹಾಳೆ ತೆಗೆದು ದುಂಡಗೆ ಬರೆದರು. 'ಈ ದಿನ ಸಂಜೆ 4-20ಕ್ಕೆ ಕೆಳಕಂಡ ಪಂಚರ ಸಮಕ್ಷಮ ಸದರಿ ಕಂಪ್ಯೂಟರನ್ನು ಹಿಂದೆ ಮುಂದೆ ಪರಿಶೀಲಿಸಲಾಗಿ ಸಿಡಿ ಹಾಕುವ ಯಾವುದೇ ಕಂಡಿ ಕಂಡುಬಂದಿರುವುದಿಲ್ಲ. ಆದಾಗ್ಯೂ ಪರದೆಯ ಮೇಲೆ ಸಿಡಿ ಡ್ರೈವ್ ಇರುವುದಾಗಿ ನಮೂದಾಗಿದೆ. ಸದರಿ ಇಲ್ಲದ ಡ್ರೈವಿನಿಂದ ಈ ಕೆಳಗಿನ ದಾಖಲೆಯನ್ನು ತೆರೆಯಲಾಯಿತು.'

ಪಂಚರಿಬ್ಬರಿಗೂ ಕುತೂಹಲವೇ. ಕುರ್ಚಿ ಎಳೆದುಕೊಂಡು ಕೂತರು. ದೊಡ್ಡಬೈರಪ್ಪನವರು ಓದಿ ನೋಡಲೆಂದು ಮಹಜರಿನ ಹಾಳೆಯನ್ನು ಕೈಗೆ ತೆಗೆದುಕೊಂಡರು.

ಓಬಳಪ್ಪನವರು ಫೈಲನ್ನು ಮತ್ತೆ ಡ್ರೈವಿಗೆ ಹಾಕಿದರು, ಅರ್ಜಿಯ ಪುಟದ ಮೇಲೆ ಬಾಣ ನಿಲ್ಲಿಸಿದರು. ಆದರೆ ಒತ್ತಲಿಲ್ಲ. ಇಲ್ಲೇ ಅವರ ಜಾಣತನ. ಕಳ್ಳ ಸಿಗುವುದು ಕಾಗದದಲ್ಲಲ್ಲ, ಮುಖದಲ್ಲಿ. ಹೆಂಡತಿಯನ್ನು ಕರೆದು ಮೌಸನ್ನು ಅವರ ಕೈಗೆ ಕೊಟ್ಟು, ತಾವು ಪರದೆಗೆ ಬೆನ್ನು ಹಾಕಿ ಪಂಚರ ಎದುರು ನಿಂತರು. "ಶಕುಂತಲಾ, ಒತ್ತು. ಚೂಡಾಮಣಿಯವ್ರೇ, ಗಟ್ಟಿಯಾಗಿ ಓದಿ."

ಚೂಡಾಮಣಿಯವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ರಸ್ತೆಯ ಮನೆ ನಂಬರ್ ಹದಿನಾಲ್ಕರ ಮಾಲೀಕರು ನಕ್ಷೆ ಮಂಜೂರಾತಿ ಇಲ್ಲದೆ ತಾರಸಿಯ ಮೇಲೆ ಕೋಣೆ ಕಟ್ಟಿರುತ್ತಾರೆ."

"ನೋಡಿ, ಭಾಷೆ ನೋಡಿ," ಎಂದರು ಓಬಳಪ್ಪನವರು, ಕಣ್ಣನ್ನು ಪಂಚರ ಮುಖದಿಂದ ತೆಗೆಯದೆ. "ಓದಿದೋನು. ಕಚೇರಿ ಗೊತ್ತಿರೋನು. ಮುಂದೆ ನಗ್ತಾ ಮಾತಾಡಿ ಹಿಂದೆ ಚೂರಿ ಹಾಕೋ ಜಾತಿ. ಇಂಥೋರಿಗೆ ಒಂದು ತುತ್ತು ಅನ್ನ ಜೀರ್ಣ ಆಗುತ್ತಾ?"

ದೊಡ್ಡಬೈರಪ್ಪನವರು ಪರದೆ ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು, ಮತ್ತೆ ಪರದೆ ನೋಡಿದರು. ಅವರ ಮುಖದ ಬಣ್ಣ ಬದಲಾಯಿತು. ಸಿಕ್ಕಿಬಿದ್ದ ಎಂದುಕೊಂಡರು ಓಬಳಪ್ಪನವರು. ಎದೆ ಹಿಗ್ಗಿತು.

"ಸದರಿ ಕೋಣೆಯನ್ನು ಕೂಡಲೇ ತೆರವುಗೊಳಿಸಬೇಕಾಗಿ ಪ್ರಾರ್ಥನೆ. ಇಂತಿ, ನೊಂದ ನಾಗರಿಕ," ಎಂದು ಮುಗಿಸಿದ ಚೂಡಾಮಣಿಯವರು ಪುಟದ ಮೂಲೆಗೆ ಕಣ್ಣು ಹಾಯಿಸಿದರು. "ಅಲ್ಲ, ಇದರ ತಾರೀಖು ನಾಲ್ಕು ವರ್ಷ ಹಿಂದಿಂದು. ನಿಮ್ಮ ರೂಮ್ ಕಟ್ಟಿದ್ದು ಹೋದ್ವರ್ಷದ ಹಿಂದಿನ ಯುಗಾದಿಗೆ ಅಲ್ವಾ? ಇಲ್ದೇ ಇರೋ ರೂಮ್ ಮೇಲೆ ಯಾರು ಕಂಪ್ಲೇಂಟ್ ಕೊಡ್ತಾರೆ?"

"ಅದು ನಿಮ್ಮ ರೂಮಲ್ಲ," ಎಂದರು ದೊಡ್ಡಬೈರಪ್ಪನವರು ಮೆಲ್ಲಗೆ. "ಹದಿನಾಲ್ಕು ನಿಮ್ಮನೇಗೆ ಹೊಸ ನಂಬರು. ಹಳೇ ನಂಬರಲ್ಲಿ ಹದಿನಾಲ್ಕು ನಮ್ಮನೆ. ನಾಲ್ಕು ವರ್ಷದಿಂದೆ ನಾನೇ ಮೇಲೊಂದು ರೂಮ್ ಹಾಕ್ಸಿದ್ದೆ. ಕಚೇರಿಯೋರು ಈಗ ಹೊಸ ನಂಬರ್ ಹುಡುಕ್ಕೊಂಡು ನಿಮ್ಮನೇಗ್ ಬಂದವ್ರೆ."

"ಹಂಗಾದ್ರೆ ಬರ್ದೋನು ಯಾರು? ಗುರುತು ಸಿಕ್ತಾ ಬೈರಪ್ನೋರೆ?"

"ಸಿಕ್ತು."

ದೊಡ್ಡಬೈರಪ್ಪನವರು ಮಹಜರಿನ ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದರು. ಓಬಳಪ್ಪನವರು ಆಗ ತಿರುಗಿ ನೋಡಿದರು. ಎರಡರಲ್ಲೂ 'ಸದರಿ' ಒಂದೇ ರೀತಿ ದುಂಡಗಿತ್ತು. 'ಳ'ದ ಬಾಲ ಎರಡರಲ್ಲೂ ಕೆಳಗಿನ ಸಾಲಿನವರೆಗೆ ಇಳಿದಿತ್ತು.

"ರೀ, ಇದು ನಿಮ್ಮ ಅಕ್ಷರ ಅಲ್ವೇನ್ರೀ," ಎಂದರು ಶಕುಂತಲಮ್ಮ.

ಓಬಳಪ್ಪನವರಿಗೆ ಆಗ ಎಲ್ಲ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ಸಿಮೆಂಟಿನ ಧೂಳು ಸತತವಾಗಿ ಒಂಬತ್ತು ದಿನ ಅವರ ಕಾಫಿಯಲ್ಲಿ ಬಿದ್ದಿತ್ತು. ಸಿಟ್ಟಿನಲ್ಲಿ ಒಂದು ಅರ್ಜಿ ಗೀಚಿ ವಾರ್ಡ್ ಕಚೇರಿಯ ದೂರಿನ ಡಬ್ಬಿಗೆ ಹಾಕಿದ್ದರು. ದಾಖಲೆಯ ಮನುಷ್ಯ, ಅಭ್ಯಾಸಬಲದಿಂದ ಹಳೆಯ ನಂಬರನ್ನೇ ಬರೆದಿದ್ದರು. ಸಹಿ ಹಾಕದಿದ್ದರೆ ಬರೆದವರು ಯಾರೆಂದು ಯಾರಿಗೂ ತಿಳಿಯದು ಎಂಬ ಗುಮಾಸ್ತರ ನಂಬಿಕೆ ಬೇರೆ. ವಾರದೊಳಗೆ ದೊಡ್ಡಬೈರಪ್ಪನವರು ಕೋಣೆಯ ಪೂಜೆಗೆ ಕರೆದು ಹೋಳಿಗೆ ಬಡಿಸಿದ್ದರು. ಓಬಳಪ್ಪನವರು ಐದು ಹೋಳಿಗೆ ತಿಂದು ಅರ್ಜಿಯನ್ನು ಮರೆತಿದ್ದರು. ಕಚೇರಿ ಮರೆತಿರಲಿಲ್ಲ, ನಿಧಾನ ಮಾಡಿತ್ತು ಅಷ್ಟೇ.

ಇಸ್ಪೀಟು ಆಡಲು ಬನ್ನಿ ಎಂದು ಕಂಪ್ಯೂಟರು ಮತ್ತೆ ಕರೆಯಿತು. ಈಗ ಕೋಣೆ ಉಳಿಯಬೇಕಾದರೆ ಎಂಜಿನಿಯರ್ ಮುಂದೆ ಒಂದೇ ಮಾತು ಹೇಳಬೇಕಿತ್ತು. ಒಡೆಯಬೇಕಾದದ್ದು ನಮ್ಮದಲ್ಲ, ಇವರದ್ದು ಎಂದು. ಅದನ್ನು ದೊಡ್ಡಬೈರಪ್ಪನವರ ಕಾರಿನಲ್ಲೇ ಹೋಗಿ, ಅವರ ಪಕ್ಕದಲ್ಲೇ ಕೂತು ಹೇಳಬೇಕಿತ್ತು.

ದೊಡ್ಡಬೈರಪ್ಪನವರು ಜೇಬಿನಿಂದ ಪೆನ್ನು ತೆಗೆದು ಮಹಜರಿನ ಕೆಳಗೆ ನಿಧಾನವಾಗಿ ಸಹಿ ಮಾಡಿದರು. ಚೂಡಾಮಣಿಯವರೂ ಮಾಡಿದರು. "ಇದು ನನ್ ಹತ್ರ ಇರ್ಲಿ," ಎಂದು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ ದೊಡ್ಡಬೈರಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಚೂಡಾಮಣಿಯವರು ಅಳತೆ ಕೊಡುವುದನ್ನೂ ಮರೆತು ಅವರ ಹಿಂದೆಯೇ ಹೋದರು. ರಸ್ತೆ ದಾಟುವ ಮೊದಲೇ ಅವರ ಕೈಯಲ್ಲಿ ಫೋನಿತ್ತು.

ಓಬಳಪ್ಪನವರಿಗೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಶಕುಂತಲಮ್ಮ ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅವರು ನಡುಮನೆಯನ್ನು ಗೋಡೆಯಿಂದ ಗೋಡೆಗೆ ಹೆಜ್ಜೆಯಲ್ಲಿ ಅಳೆದರು. ಕಟಿಂಗ್ ಟೇಬಲ್ಲಿಗೆ ಎಷ್ಟು, ಮಿಷನ್ನಿಗೆ ಎಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕಿದರು.

"ಸೋಮವಾರದೊಳಗೆ ಎಲ್ಲಾ ಕೆಳಗಿಳಿಸ್ಬೇಕು," ಎಂದರು. "ಟೇಬಲ್ಲು ಒಬ್ಬಿಬ್ರ ಕೈಲಾಗಲ್ಲ. ಹತ್ತಿಸ್ಬೇಕಾದ್ರೆ ಬೈರಪ್ನೋರೇ ಬಂದು ಒಂದು ಕಡೆ ಹಿಡ್ಕೊಂಡಿದ್ರು. ಹೋಗಿ, ಅವ್ರನ್ನ ಕರ್ಕೊಂಡು ಬನ್ನಿ."