ಉಪ್ಪು ನೋಡುವ ಅಧಿಕಾರ

ನನ್ನ ಹಲ್ಲುಗಳ ಬಗ್ಗೆ ಯಾರು ಏನು ಹೇಳಿದರೂ ನಾನು ಕೇಳಿಕೊಂಡು ಸುಮ್ಮನಿರುತ್ತಿದ್ದೆ. ನಾಲಿಗೆಯ ಬಗ್ಗೆ ಮಾತ್ರ ಯಾರೂ ಮಾತಾಡುವ ಹಾಗಿರಲಿಲ್ಲ. ಚೆನ್ನೈಯ ಪಲ್ಲಾವರಂನಲ್ಲಿ ವಾರದ ಸಂತೆ ಸೇರುವ ಬೀದಿಯ ತುದಿಗೆ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಅಡುಗೆ ಉಡುಪಿ ಕಡೆಯ ಭಟ್ಟರದ್ದು. ದುಡ್ಡಿನ ಗಲ್ಲೆ ನನ್ನದು. ತೀರ್ಪೂ ನನ್ನದೇ.

ಈ ತೀರ್ಪಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಟ್ಟರು ಅಡುಗೆ ಮಾಡುವಾಗ ರುಚಿ ನೋಡುವವರಲ್ಲ. ದೇವರಿಗೆ ಇಡುವ ಮೊದಲು ಬಾಯಿಗೆ ಮುಟ್ಟಿಸಿದರೆ ಎಂಜಲು ಎಂದು ಅವರ ಲೆಕ್ಕ. ದೇವರಿಗೆ ಇಟ್ಟ ಮೇಲೂ ಅವರು ಉಣ್ಣುವುದು ಗಿರಾಕಿಗಳೆಲ್ಲ ಎದ್ದು ಹೋದ ನಂತರ. ಉಪ್ಪು, ಹುಳಿ ಎಲ್ಲ ಕೈಯಂದಾಜು, ಮೂಗಿನ ಅಂದಾಜು. ಬೆಳಿಗ್ಗೆ ಮೊದಲ ಸೌಟು ದೇವರ ಪಟದ ಮುಂದೆ ಹೋಗುತ್ತಿತ್ತು, ಎರಡನೆಯ ಸೌಟು ನನ್ನ ಅಂಗೈಗೆ. ನಾನು ಕಣ್ಣು ಮುಚ್ಚಿ, ಅಂಗೈ ನೆಕ್ಕಿ, ‘ಹೂಂ’ ಎಂದ ಮೇಲೆಯೇ ಪಾತ್ರೆ ಹೊರಗೆ ಹೋಗಬೇಕು. ದೇವರು ಯಾವತ್ತೂ ದೂರು ಹೇಳಿದವರಲ್ಲ. ಆದ್ದರಿಂದ ಹೋಟೆಲಿನ ಮಾನವೆಲ್ಲ ನನ್ನ ನಾಲಿಗೆಯ ಮೇಲೆ ಕೂತಿತ್ತು.

ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಅದನ್ನು ನಾನು ಹದ್ದುಬಸ್ತಿನಲ್ಲಿ ಇಟ್ಟಿದ್ದೇನೆ ಎಂದು ಮನೆಯವರು ನಂಬಿದ್ದರು. ರಕ್ತಪರೀಕ್ಷೆ ಹತ್ತಿರ ಬಂದಾಗ ಮಜ್ಜಿಗೆ ಕುಡಿದು ಋಷಿಯ ಹಾಗೆ ಇರುತ್ತಿದ್ದೆ. ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ಚೆನ್ನಾಗಿ ಬಂದದ್ದಕ್ಕೆ ಕೇಸರಿಬಾತ್ ತಿನ್ನುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಹೆಂಡತಿ ವನಜ ಬಚ್ಚಲಿನಿಂದ ನನ್ನ ಬ್ರಶ್ ಹಿಡಿದುಕೊಂಡು ಬಂದಳು.

“ಇದು ಎಂತ, ಬ್ರಶ್ ಕೆಂಪಾಗಿದೆಯಲ್ಲ?”

“ಪೇಸ್ಟಿನದ್ದಿರಬೇಕು.”

“ನಮ್ಮ ಪೇಸ್ಟ್ ಬಿಳಿ ಅಲ್ವಾ ಮಾರಾಯ್ರೆ?”

ವಸಡಿನಿಂದ ರಕ್ತ ಬರುತ್ತಿರುವುದು ನನಗೆ ಗೊತ್ತಿತ್ತು. ಕೆಳಗಿನ ಒಂದು ಮುಂದಿನ ಹಲ್ಲು ನಾಲಿಗೆ ತಾಗಿಸಿದರೆ ಅಲ್ಲಾಡುತ್ತಿದ್ದುದೂ ಗೊತ್ತಿತ್ತು. ಗಲ್ಲೆಯಲ್ಲಿ ಕೂತು ಅದನ್ನು ಅಲ್ಲಾಡಿಸುವುದೇ ಒಂದು ಚಟವಾಗಿತ್ತು. ವನಜಳ ಕಾಟ ತಾಳಲಾರದೆ ಡಾಕ್ಟರ ಹತ್ತಿರ ಹೊರಟೆ. ಪಲ್ಲಾವರಂನಲ್ಲಿ ಗಿರಾಕಿಗಳು ಕಂಡಾರೆಂದು ಪೋರೂರಿನವರೆಗೆ ಹೋಗಿ ಒಬ್ಬ ಹಲ್ಲಿನ ಡಾಕ್ಟರಮ್ಮನನ್ನು ಹಿಡಿದೆ. ಅವರು ತಮಿಳಿನಲ್ಲಿ ಮಾತಾಡಿದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಒಂದು ಮಾತನ್ನೂ ಹೆಚ್ಚು ಕಡಿಮೆ ಮಾಡಿಲ್ಲ.

“ಸಾರ್, ಸಿಹಿ ತಿನ್ನುತ್ತೀರಾ?”

“ಇಲ್ಲ ಮೇಡಂ.”

“ಸ್ವಲ್ಪವೂ ಇಲ್ಲವಾ?”

“ತಿನ್ನುವುದಿಲ್ಲ. ರುಚಿ ನೋಡುತ್ತೇನೆ.”

“ಯಾವಾಗ?”

“ಕೇಸರಿಬಾತ್ ಆದಾಗ. ಪಾಯಸ ಆದಾಗ. ಬಾದಾಮಿ ಹಾಲು ಇಳಿಸಿದಾಗ. ಅದು ನನ್ನ ಕೆಲಸ ಮೇಡಂ. ತಿನ್ನುವ ಲೆಕ್ಕಕ್ಕೆ ಬರುವುದಿಲ್ಲ.”

ಅವರು ಕೈಯಲ್ಲಿದ್ದ ಸಣ್ಣ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. “ಈ ವ್ಯತ್ಯಾಸ ನಿಮ್ಮ ರಕ್ತಕ್ಕೆ ಗೊತ್ತಾ ಸಾರ್?”

ಆಮೇಲೆ ಸಮಾಧಾನವಾಗಿ ವಿವರಿಸಿದರು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನಲ್ಲಿ ಕೀವು ನಿಂತರೆ ಸಕ್ಕರೆ ಇಳಿಯಲು ಬಿಡುವುದಿಲ್ಲ. ಒಂದಕ್ಕೊಂದು ಕೈ ಹಿಡಿದುಕೊಂಡಿವೆ, ಬಿಡಿಸುವುದಾದರೆ ಎರಡನ್ನೂ ಬಿಡಿಸಬೇಕು. ಬರೀ ಹಲ್ಲು ತೊಳೆದು ಕಳಿಸಿದರೆ ಆ ಮುಂದಿನ ಹಲ್ಲು ಉಳಿಯುವುದಿಲ್ಲ, ಅದರ ಹಿಂದೆ ಉಳಿದವೂ ಹೊರಡುತ್ತವೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಒಂದು ಪರೀಕ್ಷೆ ಬರೆದುಕೊಟ್ಟರು. “ಇದಕ್ಕೆ ಹಿಂದಿನ ದಿನ ಉಪವಾಸ ಮಾಡಿ ಏನೂ ಪ್ರಯೋಜನ ಇಲ್ಲ,” ಎಂದೂ ಸೇರಿಸಿದರು. ನನ್ನ ಮುಖ ನೋಡಿಯೇ ಹೇಳಿರಬೇಕು. ಫಲಿತಾಂಶ ಬಂದಾಗ ನನ್ನ ಋಷಿತ್ವ ಅಲ್ಲಿಗೆ ಮುಗಿಯಿತು. ಸಕ್ಕರೆ ಡಾಕ್ಟರು ಮಾತ್ರೆ ಬದಲಿಸಿದರು.

ಕೆಲವು ವಾರಗಳ ನಂತರ, ತಿಂಡಿ ತಿಂದು ಮಾತ್ರೆ ತೆಗೆದುಕೊಂಡು ಬರಲು ಹೇಳಿ, ಹಲ್ಲಿನ ಡಾಕ್ಟರಮ್ಮ ವಸಡಿನ ಅಡಿಯವರೆಗೆ ಕೆರೆದು ತೊಳೆದರು. ಆಮೇಲೆ ಗುಲಾಬಿ ಬಣ್ಣದ ಔಷಧದ ಬಾಟಲಿ ಕೊಟ್ಟು ಹೇಳಿದ್ದು ಇಷ್ಟು. ಬೆಳಿಗ್ಗೆ, ರಾತ್ರಿ ಇದರಲ್ಲಿ ಬಾಯಿ ಮುಕ್ಕಳಿಸಿ. ರುಚಿ ನೋಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಿ. ಈ ಔಷಧ ಹಾಕುವಷ್ಟು ದಿನ ನಾಲಿಗೆಗೆ ರುಚಿ ಸರಿಯಾಗಿ ತಿಳಿಯದಿರಬಹುದು, ಗಾಬರಿ ಬೇಡ, ನಿಲ್ಲಿಸಿದ ಮೇಲೆ ಸರಿಹೋಗುತ್ತದೆ.

ಬಾಯಿ ಮರಗಟ್ಟಿದ್ದರಿಂದ ಎಲ್ಲದಕ್ಕೂ ತಲೆಯಾಡಿಸಿದೆ. ಮೊದಲನೆಯದನ್ನು ಒಪ್ಪಿಕೊಂಡೆ. ಎರಡನೆಯದು ನನ್ನ ಸಿಂಹಾಸನದ ವಿಷಯವಾದ್ದರಿಂದ ಮರೆತೆ. ಮೂರನೆಯದು ಸಾಮಾನ್ಯ ಜನರ ನಾಲಿಗೆಗೆ ಹೇಳಿದ ಮಾತೆಂದು ತಿಳಿದೆ.

“ಡಾಕ್ಟ್ರು ಎಂತ ಹೇಳಿದ್ರು?” ಎಂದಳು ವನಜ.

“ತೊಳೆದರು. ಬಾಯಿ ಮುಕ್ಕಳಿಸಲು ಹೇಳಿದರು.”

ಹೇಳಿದ್ದೆಲ್ಲ ಸತ್ಯ.

ಒಂದೆರಡು ದಿನ ಕಳೆಯಿತು. ಅಂಗೈಗೆ ಬಿದ್ದ ಚಟ್ನಿಯಲ್ಲಿ ಉಪ್ಪೇ ಇಲ್ಲ.

“ಭಟ್ರೆ, ಉಪ್ಪು ಹಾಕಲು ಮರೆತಿರಾ?”

“ಯಾವತ್ತಿನಷ್ಟೇ ಹಾಕಿದ್ದು ಅಣ್ಣ.”

“ಹಾಗಾದರೆ ಉಪ್ಪು ಹಳತಾಗಿರಬೇಕು.”

“ಉಪ್ಪು ಹಳತಾಗುದುಂಟಾ ಮಾರಾಯ್ರೆ?”

ಅವರೊಡನೆ ವಾದ ಬೆಳೆಸದೆ ನಾನೇ ಒಂದಿಷ್ಟು ಹಾಕಿಸಿದೆ. ಮರುದಿನ ಸಾಂಬಾರಿಗೂ ಹಾಕಿಸಿದೆ. ಅಂದು ಮೇಜುಗಳಲ್ಲಿ ನೀರಿನ ಜಗ್ಗು ಬೇಗ ಬೇಗ ಖಾಲಿಯಾಗುತ್ತಿದ್ದುದನ್ನು ನಾನು ಗಲ್ಲೆಯಿಂದ ಸ್ಪಷ್ಟವಾಗಿ ಕಂಡಿದ್ದೇನೆ. ಆದರೆ ಚೆನ್ನೈಯಲ್ಲಿ ಜನ ನೀರು ಕುಡಿದರೆ ಕಾರಣ ಹುಡುಕುವವರು ಯಾರು? ಕಿಟಕಿಯ ಪಕ್ಕ ದಿನವೂ ಕೂರುವ ನಿವೃತ್ತ ರೈಲ್ವೆ ಗಾರ್ಡು ಕೈ ತೊಳೆದು ಬಂದು, “ಸಾರ್, ಇದು ಸಾಂಬಾರಾ, ಮರೀನಾ ಬೀಚಿನ ನೀರಾ?” ಎಂದರು. ಪಾಪ, ವಯಸ್ಸಾದವರು ಎಂದುಕೊಂಡೆ. ನಾಲಿಗೆ ಕೆಟ್ಟಿಲ್ಲ ಎನ್ನುವುದಕ್ಕೆ ನನ್ನಲ್ಲಿ ಗಟ್ಟಿ ಸಾಕ್ಷಿ ಇತ್ತು: ಸಿಹಿ ಸರಿಯಾಗಿಯೇ ತಿಳಿಯುತ್ತಿತ್ತು. ಖಚಿತ ಮಾಡಿಕೊಳ್ಳಲು ಕೇಸರಿಬಾತನ್ನು ಎರಡು ಸಲ ನೋಡಿದೆ.

ಆ ವಾರವೇ ಪೋರೂರಿನ ರಾಯರ ಮಗಳ ನಿಶ್ಚಿತಾರ್ಥ. ರಾಯರು ಮೈಸೂರಿನವರು, ಪೋರೂರಿನಲ್ಲೇ ಒಂದು ಕಂಪನಿಯಲ್ಲಿ ದೊಡ್ಡ ಕೆಲಸ, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಊಟ ನಮ್ಮಲ್ಲಿ ಹೇಳುವಾಗ, “ಗಂಡಿನ ಕಡೆಯೋರು ಹಾಸನದಿಂದ ಬರ್ತಿದ್ದಾರೆ ಸ್ವಾಮಿ. ನಿಮ್ಮ ರುಚಿ ಮೇಲೆ ಭಾರ ಹಾಕಿದೀನಿ. ಇದೊಂದು ಚೆನ್ನಾಗಿ ನಡೆದ್ರೆ ಮದುವೆ ಊಟಾನೂ ನಿಮ್ಮದೇ,” ಎಂದಿದ್ದರು. ಅಷ್ಟು ದೊಡ್ಡ ಊಟ ನಮ್ಮ ಹೋಟೆಲಿಗೆ ಎಂದೂ ಬಂದಿರಲಿಲ್ಲ. ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗದೆ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ತಿರುಗಾಡಿದೆ. ಹಲ್ಲು ಅಲ್ಲಾಡಿಸುವಂತಿಲ್ಲ, ಡಾಕ್ಟರಮ್ಮ ಮೊದಲ ದಿನವೇ ಬೇಡವೆಂದಿದ್ದಾರೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಭಟ್ಟರು ದೇವರಿಗೆ ಇಟ್ಟು, ನನ್ನ ಅಂಗೈಗೆ ಸಾಂಬಾರು ಹಾಕಿದರು. ಸಪ್ಪೆ. ಸಾರು, ಸಪ್ಪೆ. ಪಲ್ಯ, ಚಿತ್ರಾನ್ನ, ಕೋಸಂಬರಿ, ಎಲ್ಲ ಸಪ್ಪೆ.

“ಅಣ್ಣ, ಉಪ್ಪು ಸರಿ ಉಂಟು. ಇವತ್ತು ಬಿಟ್ಟುಬಿಡಿ,” ಎಂದರು ಭಟ್ಟರು.

“ನನ್ನ ನಾಲಿಗೆ ಸುಳ್ಳು ಹೇಳ್ತದಾ?”

ಭಟ್ಟರು ಉಪ್ಪಿನ ಭರಣಿಯನ್ನು ನನ್ನ ಕಡೆ ದೂಡಿ, ಬೆನ್ನು ತಿರುಗಿಸಿ ನಿಂತರು. ನಾನೇ ಸ್ವಹಸ್ತದಿಂದ ಪಾತ್ರೆ ಪಾತ್ರೆಗೂ ನ್ಯಾಯ ಒದಗಿಸಿದೆ. ಪಾಯಸ ಮಾತ್ರ ನಿರ್ದೋಷಿಯಾಗಿತ್ತು.

ರಾಯರ ಮನೆಯ ತಾರಸಿಯಲ್ಲಿ ಪೆಂಡಾಲು ಹಾಕಿ ಎಲೆ ಹಾಸಿದ್ದರು. ಮೊದಲ ಪಂಕ್ತಿಯಲ್ಲಿ ಗಂಡಿನ ಕಡೆಯವರು, ಅವರ ಎದುರು ಹೆಂಗಸರ ಸಾಲಿನಲ್ಲಿ, ರಾಯರ ಮನೆಯವರು ಕರೆದು ಕೂರಿಸಿದ್ದ ವನಜ. ನಾನು ಕಂಬಕ್ಕೆ ಒರಗಿ ನಿಂತೆ, ಒರಗಲಾರದೆ ಓಡಾಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಎಲೆಯ ತುದಿಗೆ ಬಡಿಸಿದ್ದ ಉಪ್ಪನ್ನು ಒಬ್ಬರೂ ಮುಟ್ಟಲಿಲ್ಲ. ಎಷ್ಟು ಹದವಾಗಿದೆ ನೋಡಿ ಎಂದು ಹೆಮ್ಮೆಪಟ್ಟೆ. ಮೊಸರು ಮೊದಲೇ ಕೇಳಿದರು. ಹಾಸನದ ಕಡೆ ಹಾಗಿರಬೇಕು ಎಂದುಕೊಂಡೆ. ಪಾಯಸವನ್ನು ಎಲ್ಲರೂ ಎರಡು ಮೂರು ಸಲ ಹಾಕಿಸಿಕೊಂಡರು, ಅನ್ನದ ಜೊತೆಗೂ ಕಲಸಿಕೊಂಡರು. ಅಷ್ಟು ಹೊತ್ತಿಗೆ ಕುಡಿಯುವ ನೀರಿನ ಕ್ಯಾನು ಬರಿದಾಗಿ, ಇನ್ನೊಂದನ್ನು ತರಲು ಯಾರೋ ಓಡಿದರು.

ರಾಯರು ನನ್ನ ಹತ್ತಿರ ಬಂದರು. ಮುಖದಲ್ಲಿ ನಗು ಇತ್ತು, ಕಣ್ಣಿನಲ್ಲಿ ನೀರಿತ್ತು.

“ಸ್ವಾಮಿ, ಎಲ್ಲಾ ಚೆನ್ನಾಗಿದೆ. ಬೀಗರು ಏನೂ ಬೇಜಾರು ಮಾಡ್ಕೊಂಡಿಲ್ಲ. ಮದುವೆವರೆಗೂ ಬೇಕಾದಷ್ಟು ಉಪ್ಪು ಇವತ್ತೇ ಆಯ್ತಲ್ಲ ಅಂತ ತಮಾಷೆ ಮಾಡ್ತಿದ್ರು ಅಷ್ಟೆ.”

ಸುತ್ತ ನಿಂತವರೆಲ್ಲ ಭಟ್ಟರ ಕಡೆ ನೋಡಿದರು. ಭಟ್ಟರು ನನ್ನ ಕಡೆ ನೋಡಿದರು. ‘ಭಟ್ಟರಿಗೆ ವಯಸ್ಸಾಯಿತು’ ಎಂಬ ಮಾತು ನನ್ನ ಬಾಯಲ್ಲಿ ಅರ್ಧ ತಯಾರಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ವನಜ ಎಲೆ ಬಿಟ್ಟು, ತೊಳೆಯದ ಕೈಯಲ್ಲೇ ಎದ್ದು ಬಂದಳು.

“ಇದಕ್ಕೆ ಉಪ್ಪು ನೋಡಿದ್ದು ಯಾರು?”

“ನಾನೇ.”

“ಈಗ ಇನ್ನೊಮ್ಮೆ ನೋಡಿ.”

ಅಂಗೈ ಒಡ್ಡಿದೆ. ಸಾಂಬಾರು ಬಿತ್ತು. ಕಣ್ಣು ಮುಚ್ಚಿದೆ. ಈಗಲಾದರೂ ಉಪ್ಪು ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಸ್ವಲ್ಪ ಕಡಿಮೆಯೇ ಉಂಟು,” ಎಂದೆ.



“ನಾಲಿಗೆ ಹೊರಗೆ ಹಾಕಿ,” ಎಂದಳು ವನಜ.

ಗಂಡಿನ ಸೋದರಮಾವ, ಪುರೋಹಿತರು, ವಿಡಿಯೋದವನು ಎಲ್ಲರ ಸಮಕ್ಷಮದಲ್ಲಿ ನಾನು ನಾಲಿಗೆ ಹೊರಚಾಚಿದೆ. ಔಷಧಕ್ಕೂ ಕಾಫಿಗೂ ಸೇರಿ ಅದು ಕಂದು ಬಣ್ಣಕ್ಕೆ ತಿರುಗಿತ್ತಂತೆ.

“ಮುಕ್ಕಳಿಸ್ಲಿಕ್ಕೆ ಹೇಳಿದ್ದು ಗೊತ್ತುಂಟು. ಡಾಕ್ಟ್ರು ಮತ್ತೆ ಎಂತ ಹೇಳಿದ್ರು?”

ಹೇಳಿದೆ. ಔಷಧದ ವಿಷಯ ಹೇಳಿದೆ, ಅಂಗೈಯ ಕೇಸರಿಬಾತು, ಪಾಯಸ, ಬಾದಾಮಿ ಹಾಲಿನ ವಿಷಯವೂ ಹೊರಬಂತು. ಭಟ್ಟರ ತಪ್ಪು ಏನೂ ಇಲ್ಲವೆಂದು ರಾಯರಿಗೆ ಕೈಮುಗಿದು ಹೇಳಿದೆ. ರಾಯರು, “ಛೆ ಛೆ, ಬಿಡಿ ಸ್ವಾಮಿ, ಆರೋಗ್ಯ ಮುಖ್ಯ,” ಎಂದು ಇನ್ನೊಂದು ಲೋಟ ನೀರು ಕುಡಿದರು.

ಆಮೇಲೆ ಎಲ್ಲ ಚಕಚಕನೆ ನಡೆಯಿತು. ಭಟ್ಟರು ರಾಯರ ಅಡುಗೆಮನೆಯಲ್ಲೇ ಉಪ್ಪು ಹಾಕದ ಬೇಳೆ ಬೇಯಿಸಿ ಸಾಂಬಾರಿಗೂ ಸಾರಿಗೂ ಬೆರೆಸಿದರು, ಚಿತ್ರಾನ್ನಕ್ಕೆ ಬಿಳಿ ಅನ್ನ ಸುರಿದರು. ವನಜ ಅಂಗೈ ಒಡ್ಡಿ ನೋಡಿ ‘ಹೂಂ’ ಎಂದಳು. ಕಣ್ಣು ಮುಚ್ಚಲೂ ಇಲ್ಲ. ಎರಡನೆಯ ಪಂಕ್ತಿ ಸುಖವಾಗಿ ಉಂಡು ಎದ್ದಿತು. ಗಂಡಿನ ತಂದೆ ಮಾತ್ರ ಹೊರಡುವಾಗ, “ಮೊದಲನೇ ಪಂಕ್ತೀಲಿ ಕೂತಿದ್ದೇ ತಪ್ಪಾಯ್ತು ನೋಡಿ,” ಎಂದು ನನ್ನ ಬೆನ್ನು ತಟ್ಟಿದರು.

ವ್ಯಾನಿನಲ್ಲಿ ಪಾತ್ರೆಗಳ ನಡುವೆ ಕೂತು ಬರುವಾಗ ಭಟ್ಟರು ಉಪ್ಪಿನ ಭರಣಿಯನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡರು. ಆಮೇಲೆ, “ಒಂದು ಪುಣ್ಯ, ದೇವರಿಗೆ ಇಟ್ಟದ್ದು ನೀವು ಉಪ್ಪು ಹಾಕುವ ಮೊದಲು. ದೇವರು ಬಚಾವಾದ್ರು,” ಎಂದರು.

ಮರುದಿನದಿಂದ ಎರಡನೆಯ ಸೌಟು ವನಜಳ ಅಂಗೈಗೆ ಹೋಯಿತು. ಔಷಧದ ದಿನಗಳು ಮುಗಿದ ಮೇಲೆ ನಾಲಿಗೆಗೆ ಉಪ್ಪು ತಿಳಿಯತೊಡಗಿತು. ಅಂಗೈಯ ಸಿಹಿ ನಿಂತದ್ದಕ್ಕೋ, ವಸಡು ಶುದ್ಧವಾದದ್ದಕ್ಕೋ, ಮೂರು ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಇಳಿಯಿತು. ರಕ್ತ ನಿಂತಿತು. ಡಾಕ್ಟರಮ್ಮ ಆ ಮುಂದಿನ ಹಲ್ಲನ್ನು ಬೆರಳಿನಿಂದ ಮೆಲ್ಲನೆ ದೂಡಿ ನೋಡಿ, “ಸದ್ಯಕ್ಕೆ ಉಳಿಯಿತು. ಬರುತ್ತಾ ಇರಿ,” ಎಂದರು. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾದ ಮೇಲೆ, ನನ್ನ ಅಧಿಕಾರವನ್ನೂ ಮರಳಿ ಪಡೆಯುವುದು ನ್ಯಾಯವೆನಿಸಿತು.

ವನಜಳ ಹತ್ತಿರ ಮಾತೆತ್ತುವ ಮೊದಲು ಗಿರಾಕಿಗಳ ಅಭಿಪ್ರಾಯ ಕೈಯಲ್ಲಿರಲಿ ಎಂದು, ಗಲ್ಲೆಗೆ ಬಂದ ರೈಲ್ವೆ ಗಾರ್ಡನ್ನು ಕೇಳಿದೆ. ಹೆಂಗಸರ ನಾಲಿಗೆ, ಹೋಟೆಲಿನ ಹದ, ಏನೋ ಒಂದು ಕೊರತೆ ಇರಬೇಕಲ್ಲ?

“ಸಾಂಬಾರ್ ಇಪ್ಪೋ ರೊಂಬ ನಲ್ಲಾ ಇರುಕ್ಕು ಸಾರ್,” ಎಂದರು ಅವರು. ಸಾಂಬಾರು ಈಗ ಬಹಳ ಚೆನ್ನಾಗಿದೆಯಂತೆ, ಬೆಲ್ಲ ಕಡಿಮೆ ಮಾಡಿದ್ದು ಒಳ್ಳೆಯದಾಯಿತಂತೆ. ಇಷ್ಟು ವರ್ಷ ಅದನ್ನು ಸಾಂಬಾರೆಂದು ಬಡಿಸುತ್ತಿದ್ದರೂ ಅದು ಪಾಯಸಕ್ಕೇ ಹತ್ತಿರವಿತ್ತಂತೆ.

ಉಪ್ಪಿನ ತಪ್ಪನ್ನು ಔಷಧದ ಮೇಲೆ ಹಾಕಬಹುದಿತ್ತು. ನಾನು ಹಾಕಿಸುತ್ತಿದ್ದ ಈ ಬೆಲ್ಲ ಔಷಧಕ್ಕೆ ಬಹಳ ಹಿಂದಿನದು.

“ಹಾಗಾದರೆ ಇಷ್ಟು ವರ್ಷ ದಿನವೂ ಯಾಕೆ ಬಂದಿರಿ?” ಎಂದು ಕೇಳಿದೆ.

ಅವರು ತಟ್ಟೆಯಿಂದ ಸೋಂಪು ತೆಗೆದು ಬಾಯಿಗೆ ಹಾಕಿಕೊಂಡರು. ವನಜ ಅದರಿಂದಲೂ ಸಕ್ಕರೆ ತೆಗೆದಿದ್ದಳು.

“ಈ ಬೀದಿಯಲ್ಲಿ ಬೇರೆ ಹೋಟೆಲ್ ಇಲ್ಲವಲ್ಲ ಸಾರ್.”